ಹಿಪ್ಪೆಗೆರೆಯ ಮೌನಗಂಬಗಳು

ಮೌನವನ್ನು ಯಂತ್ರದಲ್ಲಿ ತಯಾರಿಸಿ ಕೊಡಲು ಸಾಧ್ಯವಾದರೆ ಜನ ಏನು ಮಾಡುತ್ತಾರೆ? ತಸ್ನೀಮ್ ಎಂಬ ವಿಜ್ಞಾನಿ ಆ ಯಂತ್ರವನ್ನು ನಮ್ಮ ಹಿಪ್ಪೆಗೆರೆಗೆ ತರುವ ಮೊದಲು ನನ್ನನ್ನು ಒಂದು ಮಾತು ಕೇಳಿದ್ದರೆ ಉತ್ತರ ಹೇಳಿಬಿಡುತ್ತಿದ್ದೆ. ಗಲಾಟೆ ಮಾಡುತ್ತಾರೆ. ಇಪ್ಪತ್ತಾರು ವರ್ಷ ಇದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಈ ಊರಿನ ಮುಕ್ಕಾಲು ಪಾಲು ಗಂಟಲುಗಳು ನನ್ನ ತರಗತಿಯಲ್ಲೇ ಪಳಗಿದಂಥವು.

ನಮ್ಮೂರಿನದು ಒಂದು ವಿಚಿತ್ರ ರೂಢಿ. ಅಂಚೆ ಕಚೇರಿಯಿಂದ ಕಲ್ಯಾಣ ಮಂಟಪಕ್ಕೆ ಹೋಗುವ ಬೀದಿಯ ಪಕ್ಕದಲ್ಲಿ ಒಂದು ತೋಪಿದೆ. ಅದರಲ್ಲಿ ಹದಿಮೂರು ಹಳೆಯ ಹಿಪ್ಪೆಮರಗಳು, ಮರಗಳ ತುಂಬ ಮೂರು ಸಾವಿರಕ್ಕೂ ಮಿಕ್ಕಿ ಬಾವಲಿಗಳು. ಹಣ್ಣು ತಿನ್ನುವ, ನರಿಮುಖದ ದೊಡ್ಡ ಬಾವಲಿಗಳು. ಅವು ಇರುವ ತನಕ ಆ ಬೀದಿಯಲ್ಲಿ ಸದ್ದು ಮಾಡಬಾರದು, ಅಷ್ಟೇ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬ ಹಿರಿಯರು ಒಂದೊಂದು ಕಾರಣ ಹೇಳುತ್ತಿದ್ದರು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆದರೂ ದೀಪಾವಳಿಗೆ ಅಲ್ಲಿ ಪಟಾಕಿ ಹೊಡೆಯುತ್ತಿರಲಿಲ್ಲ. ಸೊಪ್ಪಿನವಳು ಕೂಗುವ ಬದಲು ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದಳು. ದಿನಕ್ಕೊಂದು ಮನೆಯವರು ಬೀದಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹಾರನ್ ಹೊಡೆಯುವ ಪರವೂರಿನ ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಮದುವೆ ದಿಬ್ಬಣಗಳದ್ದು ಇನ್ನೂ ಸೊಗಸು. ಅಂಚೆ ಕಚೇರಿಯವರೆಗೆ ಕಿವಿ ಕಿತ್ತುಹೋಗುವಂತೆ ಬ್ಯಾಂಡ್ ಬಾರಿಸಿಕೊಂಡು ಬಂದು, ಅಲ್ಲಿಂದ ಮುಂದೆ ಮುನ್ನೂರು ಹೆಜ್ಜೆ ಬಾರಿಸುವ ಹಾಗೆ ನಟಿಸುತ್ತ ನಡೆಯಬೇಕು. ಕ್ಲಾರಿಯೊನೆಟ್ ತುಟಿಯಲ್ಲಿರುತ್ತದೆ, ಬೆರಳುಗಳು ಓಡುತ್ತವೆ, ಉಸಿರು ಮಾತ್ರ ಬಿಡುವುದಿಲ್ಲ. ಡೋಲಿನ ಕಡ್ಡಿ ಚರ್ಮದಿಂದ ಒಂದು ಬೆರಳಿನಷ್ಟು ಮೇಲೆ ನಿಂತುಬಿಡುತ್ತದೆ. ಇದಕ್ಕೆ ಮೂಗ ಮೆರವಣಿಗೆ ಎಂದು ಹೆಸರು. ಪರವೂರಿನ ಬೀಗರು ಮೊದಲ ಸಲ ನೋಡಿದಾಗ ತಮ್ಮ ಕಿವಿಯೇ ಹೋಯಿತೆಂದು ಗಾಬರಿಯಾಗುತ್ತಿದ್ದರು.

ಮೂರು ವರ್ಷದ ಹಿಂದೆ ತಸ್ನೀಮ್ ಬಂದು ತೋಪಿನ ಸುತ್ತ ಎಂಟು ಕಂಬ ನೆಟ್ಟಳು. ಪ್ರತಿ ಕಂಬದ ತುಂಬ ಮೈಕುಗಳು, ಬಾಳೆಲೆಯಷ್ಟು ಅಗಲದ ತೆಳ್ಳಗಿನ ಸ್ಪೀಕರ್ ಹಾಳೆಗಳು. ಸದ್ದು ಎಂದರೆ ಗಾಳಿಯಲ್ಲಿ ಏಳುವ ಅಲೆ. ಹೊರಗಿನಿಂದ ಅಲೆಯೊಂದು ಬರುತ್ತಿದ್ದಂತೆ ಕಂಬ ಅದನ್ನು ಗುರುತಿಸಿ, ಅದು ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಇನ್ನೊಂದು ಅಲೆಯನ್ನು ಎದುರು ಬಿಡುತ್ತದೆ. ಎರಡೂ ಸೇರಿ ಸೊನ್ನೆ. ಬೀದಿಯಲ್ಲಿ ನಿಂತವನಿಗೆ ಬ್ಯಾಂಡ್ ಕೇಳುತ್ತದೆ, ಇಪ್ಪತ್ತು ಅಡಿ ಆಚೆ ಮರದಲ್ಲಿರುವ ಬಾವಲಿಗೆ ಕೇಳುವುದಿಲ್ಲ. ಪಕ್ಕದಿಂದ ಮಾತ್ರವಲ್ಲ, ನೆತ್ತಿಯ ಮೇಲಿಂದ ಬರುವ ಸದ್ದಿಗೂ ಹೀಗೇ, ಮರಗಳಿಗೆ ಒಂದು ಕೊಡೆ ಹಿಡಿದ ಹಾಗೆ.

ನಾನು ಆಗತಾನೇ ನಿವೃತ್ತಳಾಗಿದ್ದೆ, ತೋಪಿನ ಸಮಿತಿಯ ಕಾರ್ಯದರ್ಶಿಯೂ ಆಗಿದ್ದೆ. ಹಳೆಯ ಗ್ರಂಥಾಲಯದ ಹಿಂದಿನ ಕೋಣೆಯನ್ನು ನಿಯಂತ್ರಣ ಕೊಠಡಿ ಮಾಡಿ ನನ್ನನ್ನು ಕೂರಿಸಿದರು. ಪರದೆಯ ಮೇಲೆ ಎಂಟು ಹಸಿರು ದೀಪ, ಒಳಗಿನ ಸದ್ದು ಇಷ್ಟು, ಹೊರಗಿನ ಸದ್ದು ಇಷ್ಟು. ಕೆಲಸ ಸುಲಭವಾಗಿತ್ತು. ಕಷ್ಟವಾದದ್ದು ಊರಿನವರದು.

ಮೊದಲ ತಿಂಗಳು ಒಂದು ಮದುವೆ ಅಂಜುತ್ತ ಅಂಜುತ್ತ ಬ್ಯಾಂಡ್ ಬಾರಿಸಿಕೊಂಡು ಬೀದಿ ದಾಟಿತು. ಬಾವಲಿಗಳು ಕಣ್ಣು ಕೂಡ ತೆರೆಯಲಿಲ್ಲ. ಅಷ್ಟು ಸಾಕಾಯಿತು. ಎರಡನೇ ತಿಂಗಳಿಗೆ, ಬೇರೆ ಬೀದಿಯಲ್ಲಿ ಹೋಗಬೇಕಾದ ದಿಬ್ಬಣಗಳೂ ಸುತ್ತು ಹಾಕಿಕೊಂಡು ತೋಪಿನ ಬೀದಿಗೇ ಬಂದವು. ಆಟೋ ಸ್ಟ್ಯಾಂಡು ಅಲ್ಲಿಗೆ ಬಂತು. ಕರೆಂಟು ಬಸ್ಸಿಗೆ ಸದ್ದೇ ಇಲ್ಲ, ಜನಕ್ಕೆ ಬಸ್ಸು ಬಂದದ್ದೇ ಗೊತ್ತಾಗುವುದಿಲ್ಲ ಎಂದು ಡ್ರೈವರು ಹಳೇ ಡೀಸೆಲ್ ಎಂಜಿನ್ನಿನ ಸದ್ದನ್ನು ಸ್ಪೀಕರಿನಲ್ಲಿ ಹಾಕಿಕೊಂಡು ಓಡಿಸತೊಡಗಿದ. ಬೀದಿ ಕಾಯುವ ಸರದಿ ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಕೇಳಿದರೆ ಎಲ್ಲರದೂ ಒಂದೇ ಮಾತು, "ಕಂಬ ಐತಲ್ಲ ಟೀಚರ್."

ಮೊದಲು ಕಂಬಗಳು ಬೆಳಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ಏಳಕ್ಕೆ ನಿಲ್ಲುತ್ತಿದ್ದವು. ಈ ಸಂಕ್ರಾಂತಿಗೆ ಪಟ್ಟಣ ಪಂಚಾಯತಿ ಅವುಗಳನ್ನು ಇಪ್ಪತ್ನಾಲ್ಕು ಗಂಟೆಯೂ ನಡೆಸಬೇಕೆಂದು ಠರಾವು ಮಾಡಿತು. ದೇವಸ್ಥಾನದವರಿಗೆ ನಸುಕಿಗೇ ಸುಪ್ರಭಾತ ಹಾಕಬೇಕಂತೆ, ವಾಕಿಂಗ್ ಸಂಘದವರಿಗೆ ಕುಣಿಯುವ ಹಾಡಿಲ್ಲದೆ ಕಾಲು ಏಳುವುದಿಲ್ಲವಂತೆ. ಠರಾವಿನಲ್ಲಿ ಬರೆದದ್ದು ಮಾತ್ರ "ಬಾವಲಿಗಳ ಹಿತದೃಷ್ಟಿಯಿಂದ" ಎಂದು. ನನಗೆ ಮೈಯೆಲ್ಲ ಉರಿಯಿತು. ಆದರೆ ಸಮಿತಿಯ ಪರವಾಗಿ ಸಹಿ ಹಾಕಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಮರದ ಕೆಳಗೆ ಸತ್ತ ಮರಿಗಳು ಸಿಗತೊಡಗಿದವು. ಮೊದಲ ದಿನ ಆರು. ವಾರ ಕಳೆಯುವಷ್ಟರಲ್ಲಿ ಒಂದೇ ಬೆಳಗ್ಗೆ ಹತ್ತೊಂಬತ್ತು. ಮೈಮೇಲೆ ಗಾಯವಿಲ್ಲ, ಹೊಟ್ಟೆ ಬೆನ್ನಿಗೆ ಹತ್ತಿದೆ. ಪರದೆಯ ಮೇಲೆ ಎಂಟೂ ದೀಪ ಹಸಿರಾಗಿಯೇ ಉರಿಯುತ್ತಿದ್ದವು.

ತಸ್ನೀಮ್ ಬೆಂಗಳೂರಿನಿಂದ ಓಡಿ ಬಂದಳು. ಎರಡು ದಿನ ಕೊಠಡಿಯಲ್ಲಿ ಕೂತು ಧ್ವನಿಮುದ್ರಣಗಳನ್ನೆಲ್ಲ ಕೇಳಿದಳು. ಮೂರನೇ ದಿನ ಕುರ್ಚಿ ಹಿಂದೆ ತಳ್ಳಿ ನನ್ನ ಕಡೆ ತಿರುಗಿದಳು.

"ಮೇಡಂ, ತಪ್ಪು ನನ್ನದೇ. ಮರಿ ಸ್ವಲ್ಪ ಬಲಿತ ಮೇಲೆ ತಾಯಿ ಅದನ್ನ ಕೊಂಬೆಯಲ್ಲೇ ಬಿಟ್ಟು ಮೇಯೋಕೆ ಹೋಗುತ್ತೆ. ನಸುಕಿನಲ್ಲಿ ವಾಪಸ್ ಬಂದು ಮರದ ಮೇಲೆ ಸುತ್ತು ಹೊಡೀತಾ ಕರೆಯುತ್ತೆ. ಮರಿ ಓಗೊಟ್ಟರೆ ಆ ಕೊಂಬೆಗೆ ಇಳಿಯುತ್ತೆ. ಆದರೆ ಆ ಕರೆ ಬರೋದು ಹೊರಗಿನಿಂದ ಅಲ್ವಾ? ಹೊರಗಿನಿಂದ ಬಂದದ್ದನ್ನೆಲ್ಲ ಅಳಿಸು ಅಂತ ನಾನೇ ಕಂಬಗಳಿಗೆ ಕಲಿಸಿದ್ದೀನಿ."

"ಅಂದರೆ ಮರಿಗೆ ತಾಯಿ ಕರೆದದ್ದು ಕೇಳುವುದೇ ಇಲ್ಲ."

"ಕೇಳಲ್ಲ. ತಾಯಿ ಸುತ್ತಿ ಸುತ್ತಿ, ಮರಿ ಇಲ್ಲ ಅಂದುಕೊಂಡು ಬೇರೆ ಮರಕ್ಕೆ ಹೋಗಿ ನೇತಾಡುತ್ತೆ."

ಸರಿಪಡಿಸಲು ಆಗುತ್ತದೆಯೇ ಎಂದು ಕೇಳಿದೆ. ಬಾವಲಿಗಳ ಕರೆಯನ್ನು ಮಾತ್ರ ಬಿಡುವಂತೆ ಕಲಿಸಬಹುದು, ಒಂದೊಂದು ತಾಯಿಯ ದನಿಯೂ ಬೇರೆ, ನಾಲ್ಕು ತಿಂಗಳಾದರೂ ಬೇಕು ಎಂದಳು. ಈ ವರ್ಷದ ಮರಿಗಳಿಗೆ ನಾಲ್ಕು ವಾರವೂ ಇರಲಿಲ್ಲ. ನಸುಕಿನ ಹೊತ್ತು ಕಂಬ ಆರಿಸುವುದೊಂದೇ ದಾರಿ. ಆರಿಸಿದರೆ ಬೀದಿ ಸುಮ್ಮನಿರಬೇಕು, ಇಲ್ಲದಿದ್ದರೆ ತಾಯಂದಿರು ಹತ್ತಿರವೂ ಸುಳಿಯುವುದಿಲ್ಲ. ತಸ್ನೀಮ್ ಇಷ್ಟನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟಳು.

ಕಾಗದ ಹಿಡಿದುಕೊಂಡು ಪಂಚಾಯತಿ ಅಧ್ಯಕ್ಷ ಶಿವನಂಜಪ್ಪನ ಹತ್ತಿರ ಹೋದೆ. ಅವನೂ ನನ್ನ ಶಿಷ್ಯನೇ. ಹೂವಿನ ಭಾಗಗಳ ಚಿತ್ರವನ್ನು ಮೂರು ವರ್ಷವೂ ಪಕ್ಕದವನನ್ನು ನೋಡಿ ಬರೆದವನು.

"ಟೀಚರ್, ನೀವೇ ಹಿಂಗಂದ್ರೆ ಹೆಂಗೆ?" ಎಂದ. "ಕಂಬ ಆರಿಸಿದ್ರೆ ಅಷ್ಟು ಗಲಾಟೇಲಿ ಬಾವಲಿಗಳು ಹೆದರ್ಕಂಡು ಓಡೋಗಲ್ವಾ?"

"ಹಾಗಾದರೆ ಗಲಾಟೆ ನಿಲ್ಲಿಸು."

"ಗಲಾಟೆ ಯಾಕ್ ನಿಲ್ಲುಸ್ಬೇಕು? ಕಂಬ ಐತಲ್ಲ."

"ಕಂಬದಿಂದಲೇ ಸಾಯುತ್ತಿವೆ ಕಣೋ!"

"ಅದುಕ್ಕೇ ಶುಕ್ರವಾರ ಒಂದು ಜಾಥಾ ಇಟ್ಕಂಡಿದೀವಿ ಟೀಚರ್. ಬಾವಲಿ ಉಳಿಸಿ ಅಂತ. ನೀವೇ ಉದ್ಘಾಟನೆ ಮಾಡ್ಬೇಕು."

ನಾನು ಹೋಗಲಿಲ್ಲ. ಹೋಗದಿದ್ದರೂ ಮನೆಯೊಳಕ್ಕೇ ಕೇಳಿಸಿತು. ಮುಂದೆ ತಮಟೆ, ನಡುವೆ ನಲವತ್ತು ಆಟೋ, ಹಿಂದೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರು. "ಮೌನ ಕಾಪಾಡಿ, ಬಾವಲಿ ಉಳಿಸಿ" ಎಂದು ತೋಪಿನ ಮುಂದೆ ಮುಕ್ಕಾಲು ಗಂಟೆ ನಿಂತು ಕಿರುಚಿದರು. ಆ ಸ್ಪೀಕರನ್ನು ಉಚಿತವಾಗಿ ಕೊಟ್ಟವರು ಬೇರೆ ಯಾರೂ ಅಲ್ಲ, ನನ್ನ ಯಜಮಾನರು.

ನನ್ನ ಯಜಮಾನರು ಚಿದಾನಂದ ಮೂವತ್ತು ವರ್ಷದಿಂದ ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿ ಇಟ್ಟವರು. ಈ ಊರಿನಲ್ಲಿ ದೇವಸ್ಥಾನದಿಂದ ವಾಕಿಂಗ್ ಸಂಘದವರೆಗೆ ಕಿರುಚುವ ಪ್ರತಿ ಡಬ್ಬವೂ ನಮ್ಮ ಅಂಗಡಿಯದೇ. ಕೆಟ್ಟದ್ದಕ್ಕೆ ಸರಿಯಾಗಿ ನಮ್ಮ ಒಬ್ಬಳೇ ಮಗಳು ವಿಭಾಳ ಮದುವೆ ಅದೇ ಏಪ್ರಿಲ್‌ನಲ್ಲಿ ಗೊತ್ತಾಗಿತ್ತು. ಮುಹೂರ್ತ ಬೆಳಗ್ಗೆ ಆರೂ ಹತ್ತಕ್ಕೆ. ಗಂಡಿನ ಕಡೆಯವರನ್ನು ಐದೂ ಕಾಲಿಗೆ ದೇವಸ್ಥಾನದ ಹತ್ತಿರ ಎದುರುಗೊಂಡು, ತೋಪಿನ ಬೀದಿಯ ಮೇಲೆ ಕರೆತರಬೇಕು. ತಾಯಿ ಬಾವಲಿಗಳು ಮರಳುವ ಹೊತ್ತೂ ಅದೇ.

ಊಟದ ಹೊತ್ತಿನಲ್ಲಿ ಮಾತು ತೆಗೆದೆ. ದಿಬ್ಬಣ ಮೂಗ ಮೆರವಣಿಗೆಯಾಗಿ ಹೋಗಲಿ ಎಂದೆ. ಯಜಮಾನರ ಕೈಯ ತುತ್ತು ತಟ್ಟೆಗೆ ಬಿತ್ತು.

"ಇಪ್ಪತ್ತನಾಲ್ಕು ಜನದ ಬ್ಯಾಂಡ್ ಹೇಳಿದೀನಿ ಕಣೆ. ಹೆಣ ಸಾಗ್ಸೋವಾಗ್ಲೂ ತಮಟೆ ಇರ್ತದೆ! ನನ್ನ ಮಗಳ ದಿಬ್ಬಣ ಅದುಕ್ಕಿಂತ ಕಡೆಯಾಯ್ತಾ?"

"ಬೀಗಿತ್ತಿ ಗಂಗಾಂಬಿಕಮ್ಮನಿಗೆ ನಾನು ಹೇಳುತ್ತೇನೆ."

"ಏನಂತ? ಬಾವಲಿ ಬಾಣಂತನ ಅಂತಾನಾ? ಆಯಮ್ಮ ಕೇಳಿದ್ದೇ ಒಂದು, ವಾದ್ಯ ಜೋರಾಗಿರ್ಲಿ ಅಂತ!"

ವಿಭಾ ತಟ್ಟೆ ಎತ್ತಿಕೊಂಡು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ನಂಗೆ ವಾದ್ಯ ಬೇಕು ಅಂತಲ್ಲ. ಚಿಕ್ಕವಳಿದ್ದಾಗಿಂದ ನೋಡ್ತಿದೀನಿ. ಸ್ಕೂಲ್ ಡೇ ಇದ್ರೂ ನೀನು ತೋಪಲ್ಲೇ ಇರ್ತಿದ್ದೆ, ಜ್ವರ ಬಂದ್ರೂ ತೋಪಲ್ಲೇ. ಅವಕ್ಕೆ ಊರೇ ಇದೆ. ನಂಗೆ ಅಮ್ಮ ಅಂತ ಇರೋದು ನೀನೊಬ್ಬಳೇ. ಒಂದು ದಿನ ನನ್ನ ಕಡೆ ನೋಡೋಕಾಗಲ್ವಾ ನಿಂಗೆ?"

ಅವಳು ಹೇಳಿದ್ದು ನಿಜವಾಗಿತ್ತು. ಆದರೆ ಸಿಟ್ಟು ಬಂದದ್ದು ಊರಿನ ಮೇಲೆ. ಇಡೀ ಊರು ಹೊರುತ್ತಿದ್ದ ಕೆಲಸವನ್ನು ಎಂಟು ಕಂಬಗಳ ಮೇಲೆ ಎಸೆದು ಎಲ್ಲರೂ ಕೈ ತೊಳೆದುಕೊಂಡಿದ್ದರು, ಉಳಿದದ್ದು ನನ್ನ ಮಗಳ ಮದುವೆಯ ಮೇಲೆ ಬಂದು ಬಿದ್ದಿತ್ತು.

ಮರುದಿನ ನಸುಕಿಗೆ ಯಜಮಾನರನ್ನು ಎಬ್ಬಿಸಿ ನಿಯಂತ್ರಣ ಕೊಠಡಿಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಗೊಣಗಿದರು. ಅವರ ತಲೆಗೆ ಹೆಡ್‌ಫೋನ್ ಹಾಕಿ, ಮೊದಲು ಕಂಬದ ಹೊರಮೈಯ ಮೈಕನ್ನು ಕೇಳಿಸಿದೆ. ಸುಪ್ರಭಾತ, ಬಸ್ಸಿನ ಡೀಸೆಲ್ ನಾಟಕ, ಅವುಗಳ ನಡುವೆ ಕೀರಲು ದನಿಯ ಒಂದು ಕರೆ, ಮತ್ತೆ ಮತ್ತೆ. ಆಮೇಲೆ ಒಳಗಿನ ಮೈಕಿಗೆ ಬದಲಾಯಿಸಿದೆ. ಮರಿಯೊಂದು ಕೊಂಬೆ ಕೆರೆಯುವ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಹೊರಗೆ. ಮತ್ತೆ ಒಳಗೆ. ಮೂವತ್ತು ವರ್ಷ ಮೈಕು ರಿಪೇರಿ ಮಾಡಿದ ಮನುಷ್ಯ, ತಾವೇ ಗುಂಡಿ ಒತ್ತಿಕೊಂಡು ಬಹಳ ಹೊತ್ತು ಕೇಳಿದರು.

"ಲೈನ್ ಕಟ್ಟಾಗೈತೆ," ಎಂದರು ಕೊನೆಗೆ. "ಇವಳು ಈ ಕಡೆಯಿಂದ ಬಡ್ಕೊತಾವ್ಳೆ, ಆ ಕಡೆ ಹೋಗ್ತಾನೇ ಇಲ್ಲ."

ಹೆಡ್‌ಫೋನ್ ತೆಗೆದಿಟ್ಟು ಹೊರಟುಹೋದರು. ಮೂರನೇ ದಿನ ನೋಡಿದರೆ, ಊರಿನ ಎಲ್ಲ ಕಡೆಯಿಂದ ನಮ್ಮ ಅಂಗಡಿಯ ಸ್ಪೀಕರು, ಆಂಪ್ಲಿಫಯರುಗಳನ್ನು ಆಟೋಗಳಲ್ಲಿ ಹೇರಿಸಿಕೊಂಡು ಬರುತ್ತಿದ್ದಾರೆ. ದೇವಸ್ಥಾನದ್ದು, ಸಂಘದ್ದು, ಬಸ್ಸಿನದ್ದು ಕೂಡ.

"ಮಗಳ ಮದುವೆಗೆ ಬೇಕು ಅಂದೆ. ಯಾವನೂ ಕಮಕ್ ಕಿಮಕ್ ಅನ್ಲಿಲ್ಲ," ಎಂದರು. ಗೋದಾಮಿನಲ್ಲಿ ಪೇರಿಸಿ ಬೀಗ ಹಾಕಿದರು. ಬೀಗಿತ್ತಿಗೆ ಹೇಳುವ ಧೈರ್ಯ ಮಾತ್ರ ನಮ್ಮಿಬ್ಬರಿಗೂ ಬರಲಿಲ್ಲ.

ಬ್ಯಾಂಡಿನ ಯಜಮಾನ ಗವಿರಂಗಪ್ಪ ಬೇರೆ ತಲೆನೋವು ತಂದ. ಎಪ್ಪತ್ತರ ಮುದುಕ, ಕ್ಲಾರಿಯೊನೆಟ್ ನುಡಿಸುವವನು.

"ಮಾಡಾನಂತೆ ಬುಡಿ ಟೀಚರಮ್ಮ. ಆದ್ರೆ ನನ್ ಬ್ಯಾಂಡಲ್ಲಿ ಈಗಿರೋರು ಯಾರ್ಗೂ ಮೂಗ ಮೆರವಣಿಗೆ ಬರಾಕಿಲ್ಲ. ಮೂರೊರ್ಸ ಆತು. ಹಳಬ್ರೆಲ್ಲ ಬುಟ್ಟೋದ್ರು. ಬಾರ್ಸೋದು ಯಾವನ್ಗಾದ್ರೂ ಬತ್ತದೆ, ಕೈ ತಡಿಯೋದು ಕಲೀಬೇಕು."

ಐದು ದಿನ ನಮ್ಮ ಹಿತ್ತಲಿನಲ್ಲಿ ತಾಲೀಮು ನಡೆಯಿತು, ವಿಭಾ ಹಿತ್ತಲ ಕಡೆಯ ಕಿಟಕಿ ತೆರೆಯಲೇ ಇಲ್ಲ. ಇಪ್ಪತ್ತನಾಲ್ಕು ಗಂಡಸರು ಸದ್ದಿಲ್ಲದೆ ಬಾರಿಸಲು ಕಲಿಯುವುದನ್ನು ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ನನ್ನ ತಾಳ್ಮೆಗೆ ಬಂದಿರಲಿಲ್ಲ. ಒಬ್ಬನ ಕಡ್ಡಿ ಜಾರುತ್ತಿತ್ತು, ಇನ್ನೊಬ್ಬನಿಗೆ ನಗು ತಡೆಯುತ್ತಿರಲಿಲ್ಲ. ಡೋಲಿನ ದಾಸಪ್ಪ, ಮೂವತ್ತೈದು ವರ್ಷದ ಗಟ್ಟಿ ಆಳು, ಕಡ್ಡಿಯನ್ನು ಗಾಳಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತೋಳು ಊದಿಸಿಕೊಂಡು, ಇದಕ್ಕಿಂತ ಗಾರೆ ಕೆಲಸ ವಾಸಿ ಎಂದು ಕೂತುಬಿಟ್ಟ.

ಲಗ್ನದ ದಿನಗಳಾದ್ದರಿಂದ ಅಲ್ಲಿಯ ತನಕ ಯಾವುದಾದರೊಂದು ದಿಬ್ಬಣ ನಸುಕಿಗೇ ಬ್ಯಾಂಡ್ ಬಾರಿಸಿಕೊಂಡು ಬೀದಿ ದಾಟುತ್ತಿತ್ತು, ಕಂಬ ಆರಿಸುವಂತಿರಲಿಲ್ಲ. ವಿಭಾಳ ಮದುವೆಯ ದಿನ ಬೆಳಗಿನ ಐದು ಗಂಟೆಗೆ ತಸ್ನೀಮ್ ಎಂಟೂ ಕಂಬಗಳನ್ನು ಆರಿಸಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗುಂಡಿ ಒತ್ತಿದ್ದು ಅವಳು, ಪಾಸ್‌ವರ್ಡ್ ಹಾಕಿದ್ದು ನಾನು.

ದಿಬ್ಬಣ ಭರ್ಜರಿಯಾಗಿಯೇ ಹೊರಟಿತು. ಮುಂದೆ ಬ್ಯಾಂಡು, ಹಿಂದೆ ಗಂಡು, ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲಿ ಗಂಗಾಂಬಿಕಮ್ಮ. ಅಂಚೆ ಕಚೇರಿಯ ಮುಂದೆ ಗವಿರಂಗಪ್ಪ ಎಡಗೈ ಎತ್ತಿದ. ವಾದ್ಯ ಗಕ್ಕನೆ ನಿಂತಿತು. ಬೆರಳುಗಳು, ಕಡ್ಡಿಗಳು ಮಾತ್ರ ಆಡುತ್ತಲೇ ಇದ್ದವು.

"ಏನ್ರೀ ಇದು? ಬ್ಯಾಂಡಿನವರಿಗೆ ತಿಂಡಿ ಕೊಡಲಿಲ್ವಾ?" ಎಂದರು ಗಂಗಾಂಬಿಕಮ್ಮ. ನಾನು ಕೈ ಮುಗಿದು, ತುಟಿಯ ಮೇಲೆ ಬೆರಳಿಟ್ಟು, ಮೇಲೆ ತೋರಿಸಿದೆ.

ಬೆಳ್ಳಗಾಗುತ್ತಿದ್ದ ಆಕಾಶದ ತುಂಬ ಬಾವಲಿಗಳಿದ್ದವು. ಮರಗಳ ಮೇಲೆ ಸುತ್ತುತ್ತ ಕರೆಯುತ್ತಿದ್ದವು. ಸಂಕ್ರಾಂತಿಯಿಂದೀಚೆ ಈ ಬೀದಿಯಲ್ಲಿ ನಸುಕಿಗೂ ಎಷ್ಟು ಗಲಾಟೆಯಿತ್ತೆಂದರೆ, ಹೆಡ್‌ಫೋನಿಲ್ಲದೆ ಈ ಕರೆ ಹೇಗೆ ಕೇಳುತ್ತದೆಂಬುದನ್ನು ನಾನೇ ಮರೆತುಬಿಟ್ಟಿದ್ದೆ. ಆದರೆ ಮರಗಳಿಂದ ಉತ್ತರವೇ ಇಲ್ಲ. ಇಷ್ಟು ದಿನ ಕರೆ ಕೇಳದೆ ಮರಿಗಳಿಗೆ ಓಗೊಡುವುದೇ ಮರೆತುಹೋಯಿತೇನೋ ಎಂದು ಹೆದರಿದೆ.

ಆಗ ದಾಸಪ್ಪನ ಕಡ್ಡಿ ಜಾರಿತು. ಢಣ್!

ತಗ್ಗಿಗೆ ಇಳಿದಿದ್ದ ಬಾವಲಿಗಳೆಲ್ಲ ಒಟ್ಟಿಗೆ ಮೇಲಕ್ಕೆ ಹಾರಿದವು. ಗವಿರಂಗಪ್ಪ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿದ. ಇಡೀ ದಿಬ್ಬಣ ಕಲ್ಲಿನ ಹಾಗೆ ನಿಂತಿತು. ಐದೂ ನಲವತ್ತು. ಐದೂ ಐವತ್ತು. ಗಂಗಾಂಬಿಕಮ್ಮ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದರು.

ಆಮೇಲೆ ಆದದ್ದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಮುಹೂರ್ತ ಹದಿನಾಲ್ಕು ನಿಮಿಷ ಮೀರಿತು. ಬೀಗಿತ್ತಿ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಪಂಚಾಯತಿ ನನ್ನನ್ನು ಕೆಲಸದಿಂದ ತೆಗೆಯಿತು. ಹೊಸ ಪಾಸ್‌ವರ್ಡ್ ಹಾಕಲು ಹಳೆಯದು ಬೇಕು, ಅದನ್ನು ನಾನು ಹೇಳುವುದಿಲ್ಲ, ತಸ್ನೀಮ್ ನನ್ನ ಕಡೆ, ಹಾಗಾಗಿ ಕಂಬಗಳು ಆರಿಯೇ ಇವೆ, ಬಾವಲಿಗಳು ಓಡಿಹೋದಾವೆಂದು ಊರು ದಿನಾ ನನಗೆ ಶಾಪ ಹಾಕುತ್ತ ಹಿಂದಿನಂತೆ ಪಿಸುಮಾತಿನಲ್ಲಿ ಓಡಾಡುತ್ತಿದೆ. ಮದುವೆಯ ಮರುದಿನ ಮರದ ಕೆಳಗೆ ಸತ್ತು ಸಿಕ್ಕ ಮರಿಗಳು ಎರಡೇ.

ಇದೆಲ್ಲ ಆಮೇಲಿನ ಮಾತು. ಬೀದಿಯಲ್ಲಿ ನಿಂತಿದ್ದಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತಾಯಿ ಬಾವಲಿಗಳು ಮತ್ತೆ ಕೆಳಗಿಳಿದು ಸುತ್ತತೊಡಗಿದ್ದವು. ಮೂರನೇ ಮರದ ನಡುಗೊಂಬೆಯಿಂದ ತೆಳ್ಳಗೆ ಒಂದು ದನಿ ಬಂತು. ಒಂದೇ. ಮೇಲಿನಿಂದ ಒಂದು ಬಾವಲಿ ಆ ಕಡೆಗೆ ವಾಲಿತು. ಆಮೇಲೆ ಪಕ್ಕದ ಮರದಿಂದ ಇನ್ನೊಂದು ದನಿ, ಅದರಾಚೆಯಿಂದ ಹತ್ತಾರು.

ಅಷ್ಟರಲ್ಲಿ ನನ್ನ ಸೊಂಟದಲ್ಲಿದ್ದ ಫೋನು ನಡುಗಿತು. ವಿಭಾ. ಕಿವಿಗೆ ಹಿಡಿದೆ.

"ಅಮ್ಮ, ಎಲ್ಲಿದೀರಾ? ಮೂಗ ಮೆರವಣಿಗೆ ಮುನ್ನೂರು ಹೆಜ್ಜೆ ಅಷ್ಟೇ ಅಲ್ವಾ, ಇಷ್ಟೊತ್ತಾದ್ರೂ ವಾದ್ಯಾನೇ ಕೇಳಿಸ್ತಿಲ್ಲ. ಪುರೋಹಿತರು ಕೂಗಾಡ್ತಿದಾರೆ. ನೀನು ನನ್ ಮದುವೆ ದಿನಾನೂ..."

ನಾನು ಮಾತಾಡುವಂತಿರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು, ತೋಳು ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಕ್ಕೆ ಮರಗಳ ಕಡೆ ಎತ್ತಿದೆ. ತೋಳು ನೋಯುವವರೆಗೂ ಹಾಗೇ ನಿಂತಿದ್ದೆ. ಮತ್ತೆ ಕಿವಿಗೆ ತಂದಾಗ ಆ ಕಡೆಯಿಂದ ಏನೂ ಕೇಳಲಿಲ್ಲ. ಕೋಪದಿಂದ ಇಟ್ಟುಬಿಟ್ಟಳು ಎಂದುಕೊಂಡೆ.

"ಅಮ್ಮ," ಎಂದಳು ವಿಭಾ, ಪಿಸುದನಿಯಲ್ಲಿ. "ಆ ಸಣ್ಣ ದನಿ, ಅದು ಮರೀದಾ?"

ಹೂಂ ಎಂದೆ.

"ಅಮ್ಮ ಸಿಕ್ಕಿದ್ಲಾ ಅದಕ್ಕೆ?"

ಮತ್ತೊಮ್ಮೆ ಹೂಂ ಎಂದೆ. ಅದಕ್ಕಿಂತ ಹೆಚ್ಚು ಆಗಲಿಲ್ಲ, ಕಣ್ಣು ತುಂಬಿ ಮರಗಳೇ ಕಾಣುತ್ತಿರಲಿಲ್ಲ.

"ನಿಧಾನವಾಗಿ ಬನ್ನಿ," ಎಂದಳು. "ಪುರೋಹಿತರಿಗೆ ನಾನು ಹೇಳ್ತೀನಿ."